ಪತ್ರಾದ ಮೇಲೆ ಹೋದ ಹಲ್ಲು

ಇವತ್ತು ಬೆಳಿಗ್ಗೆ ಮೊಸರಿನ ಪಾತ್ರೆ ಹುಡುಕುತ್ತ ಫ್ರಿಜ್ಜಿಗೆ ಕೈ ಹಾಕಿದರೆ ಸಿಕ್ಕಿದ್ದು ನೀಲಿ ಐಸ್ ಪ್ಯಾಕ್. ಅದರ ಮೇಲೆ ಕೈಕಾಲು ಮೂಡಿದ ಹಲ್ಲೊಂದರ ಚಿತ್ರ. ಆ ಹಲ್ಲು ಹಲ್ಲು ಬಿಟ್ಟು ನಗುತ್ತಿದೆ. ಯಾಕೆ ಇಟ್ಟುಕೊಂಡಿದ್ದೀರೆಂದು ಯಾರೂ ಕೇಳದ ವಸ್ತುವೊಂದು ನಿಮ್ಮ ಮನೆಯಲ್ಲೂ ಇದ್ದೀತು. ನನ್ನ ಹೆಂಡತಿ ವನಜ ಹೋಗಿ ಹನ್ನೊಂದು ತಿಂಗಳು. ಅಷ್ಟರಲ್ಲಿ ಎರಡು ಸಲ ಫ್ರಿಜ್ ತೊಳೆದಿದ್ದೇನೆ. ಎರಡು ಸಲವೂ ಇದನ್ನು ಒರೆಸಿ ಅಲ್ಲೇ ಇಟ್ಟಿದ್ದೇನೆ.

ಅದು ಬಂದದ್ದು ಕಿತ್ತ ಹಲ್ಲನ್ನು ತಂಪಾಗಿ ಲ್ಯಾಬಿಗೆ ಕಳಿಸುವ ಒಂದು ಪೆಟ್ಟಿಗೆಯ ಜೊತೆ. ತರಿಸಿದವಳು ಘಣಸೋಲಿಯಲ್ಲಿರುವ ಮಗಳು ರೇಖಾ. ಹೋದ ವರ್ಷ ರಜೆಗೆ ಡೊಂಬಿವಲಿಗೆ ನಮ್ಮಲ್ಲಿಗೆ ಬಂದಿದ್ದ ಅವಳ ಮಗಳು ತನ್ವಿಯ ಹಾಲುಹಲ್ಲು ಅಲ್ಲಾಡುತ್ತಿತ್ತು.

"ಹಲ್ಲಿನ ತಿರುಳಲ್ಲಿ ಸ್ಟೆಮ್ ಸೆಲ್ ಇರ್ತದಪ್ಪ. ಲ್ಯಾಬಲ್ಲಿ ಬೆಳೆಸಿ ಫ್ರೀಜ್ ಮಾಡಿ ಇಡ್ತಾರೆ. ಮುಂದೆ ಎಲುಬು, ವಸಡು ಹಾಳಾದ್ರೆ ರಿಪೇರಿಗೆ ಬರಬಹುದಂತೆ. ಬಿದ್ದು ಒಣಗಿದ ಹಲ್ಲು ಆಗೋದಿಲ್ಲ, ಡಾಕ್ಟರೇ ಕೀಳ್ಬೇಕು. ಶನಿವಾರ ಇಲ್ಲಿಯ ಕ್ಲಿನಿಕ್ಕಿಗೆ ಕರ್ಕೊಂಡು ಬನ್ನಿ, ಅಲ್ಲಿವರೆಗೆ ಜಾಗ್ರತೆ," ಎಂದಳು ರೇಖಾ ಫೋನಿನಲ್ಲಿ.

ನಾನು 'ರಿಪೇರಿ' ಒಂದನ್ನೇ ಹಿಡಿದುಕೊಂಡೆ. ವನಜಳ ಎರಡೂ ಕಿಡ್ನಿ ಸೋತಿದ್ದವು. ವಾರಕ್ಕೆರಡು ಡಯಾಲಿಸಿಸ್. ವಿಜ್ಞಾನದಲ್ಲಿ ಅಂಚಿನಲ್ಲಿ ಪಾಸಾದ ನಾನು ಆ ಸಂಜೆಯೇ ಮೊಮ್ಮಗಳ ಹಲ್ಲಿನಿಂದ ಹೆಂಡತಿಗೆ ಹೊಸ ಕಿಡ್ನಿ ಬೆಳೆಸಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ಕಾವಲು ಶುರುವಾಯಿತು. ಚಿಕ್ಕಿ ಬಂದ್, ಪೇರಳೆ ಬಂದ್. "ಅಜ್ಜಾ, ಮೈ ಬೇಬಿ ಹೂಂ ಕ್ಯಾ?" ತಾನೇನು ಪುಟ್ಟ ಮಗುವೇ ಎಂದು ತನ್ವಿ ಹಿಂದಿಯಲ್ಲೇ ಸಿಡುಕಿ ಗಂಜಿ ಬಟ್ಟಲನ್ನು ದೂಡುತ್ತಿದ್ದಳು. ನಿಜವಾದ ಅಪಾಯ ಅಡುಗೆಮನೆಯಲ್ಲಿತ್ತು. ಇಡೀ ಬಿಲ್ಡಿಂಗಿನ ಮಕ್ಕಳ ಹಲ್ಲು ಕೀಳುತ್ತಿದ್ದವಳು ವನಜ. ಒದ್ದೆ ಬೈರಾಸಿನ, ಅಂದರೆ ಟವೆಲಿನ, ತುದಿಯಲ್ಲಿ ಹಲ್ಲು ಹಿಡಿದು "ಅಗೋ ಕಾಗೆ" ಎನ್ನುವಳು. ಮಗು ಆಚೆ ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಆಮೇಲೆ ಸಗಣಿಯಲ್ಲಿ ಸುತ್ತಿ, "ಹಳೇ ಹಲ್ಲು ತಕೋ, ಹೊಸ ಹಲ್ಲು ಕೊಡು" ಎಂದು ಮಾಡಿಗೆ ಎಸೆತ. ಊರಲ್ಲಾದರೆ ಹಂಚಿನ ಮಾಡು, ಇಲ್ಲಿ ಎದುರು ಗ್ಯಾರೇಜಿನ ತಗಡಿನ ಪತ್ರಾ. ಸಗಣಿ ಕೊಡುವವಳು ಸ್ಟೇಷನ್ ಹತ್ತಿರ ಹಸು ಕಟ್ಟಿಕೊಂಡು ಹುಲ್ಲು ಮಾರುವ ಹೆಂಗಸು. ಎಸೆಯದಿದ್ದರೆ ಹೊಸ ಹಲ್ಲು ಸೊಟ್ಟ ಬರುತ್ತದೆಂದು ವನಜಳ ಸಿದ್ಧಾಂತ.

"ಈ ಹಲ್ಲು ಮುಟ್ಟಬೇಡ," ಎಂದೆ.

"ನಾನೆಂತಕ್ಕೆ ಮುಟ್ಲಿ ಮಾರಾಯ್ರೆ?" ಎಂದಳು. ಕೈಯಲ್ಲಿ ಬೈರಾಸಿತ್ತು.

ಶನಿವಾರ ಮೂವರೂ ಲೋಕಲ್ ಹಿಡಿದೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಹಲ್ಲಿಗೆ ಧೂಳು ತಾಗೀತೆಂದು, ಬಾಯಿ ತೆರೆಯಕೂಡದೆಂದು ತನ್ವಿಗೆ ಆಜ್ಞೆ ಮಾಡಿದ್ದೆ. ಮುಂಬ್ರಾದಲ್ಲಿ ಖಾಡಿಯ ಹಿನ್ನೀರು ಕಂಡರೂ ಅವಳು ತುಟಿ ಬಿಚ್ಚಲಿಲ್ಲ. ಎಂಥ ವಿಧೇಯ ಹುಡುಗಿ ಎಂದು ಹೆಮ್ಮೆಪಟ್ಟೆ.

ಘಣಸೋಲಿಯ ಕ್ಲಿನಿಕ್ಕಿನ ಕುರ್ಚಿಯಲ್ಲಿ ಅವಳು ಬಾಯಿ ತೆರೆದಳು. ಡಾಕ್ಟರಮ್ಮ ಬಗ್ಗಿ ನೋಡಿ ನನ್ನತ್ತ ತಿರುಗಿ, ಹಲ್ಲೆಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. "ಕಾಕಾ, ದಾತ್ ಕುಠೇ ಆಹೇ?"

ಹಲ್ಲು ತಾನಾಗಿ ಒಳಗೆ ಹೋಗಿ ಕೂತಿರಬಹುದೆಂಬಂತೆ ನಾನು ಪೆಟ್ಟಿಗೆ ತೆರೆದು ನೋಡಿದೆ.

"ಬೆಳಿಗ್ಗೆಯೇ ಪತ್ರಾದ ಮೇಲೆ ಹೋಯ್ತು," ಎಂದಳು ವನಜ, ಸೆರಗು ಸರಿಮಾಡಿಕೊಳ್ಳುತ್ತ.

"ಅದು ನಿನ್ನ ಕಿಡ್ನಿ, ಗೊತ್ತುಂಟಾ ನಿಂಗೆ?" ಎಂದುಬಿಟ್ಟೆ.

ಡಾಕ್ಟರಮ್ಮ ಕೈಗವಸು ತೆಗೆದು, ನನ್ನ ಪಕ್ಕ ಕೂತು, ಮೆಲ್ಲಗೆ ಹೇಳಿದರು. ಸಂಶೋಧನೆಗಳು ನಡೆಯುತ್ತಿವೆ, ಆದರೆ ಹಲ್ಲಿನಿಂದ ಕಿಡ್ನಿ ಮಾಡುವವರು ಇವತ್ತಿಗೆ ಯಾರೂ ಇಲ್ಲ. ವನಜ ಕಾಕೂಗೆ ಇದು ಔಷಧಿಯಲ್ಲ.

ಮರಳುವಾಗ ಠಾಣೆಯವರೆಗೂ ವನಜ ನಕ್ಕಳು. "ಕಿಡ್ನಿಯನ್ನು ಪತ್ರಾಕ್ಕೆ ಎಸ್ದೆನಲ್ಲ, ಕಾಗೆ ತಿಂದಿರ್ತದೆ." ರೈಲು ಬದಲಿಸಿ ಕೂತ ಮೇಲೆ ದನಿ ತಗ್ಗಿಸಿದಳು. "ನನಗೆ ಬೇಕಾದ್ದನ್ನು ಮಗುವಿನ ಬಾಯಿಂದ ತೆಗೀಬೇಡಿ. ಅವಳಿಗೆ ಹೊಸ ಹಲ್ಲು ನೆಟ್ಟಗೆ ಬಂದ್ರೆ ಸಾಕು."

ನೆಟ್ಟಗೇ ಬಂತು. ಅರ್ಧ ಬಂದದ್ದನ್ನಷ್ಟೇ ವನಜ ನೋಡಿದಳು.

ಇವತ್ತು ತನ್ವಿ ನಮ್ಮಲ್ಲಿದ್ದಾಳೆ. ಈಗ ಪಕ್ಕದ ಹಲ್ಲಿನ ಸರದಿ. ಪೆಟ್ಟಿಗೆ ತರಿಸಲೇ ಎಂದು ರೇಖಾ ನಿನ್ನೆ ಫೋನಿನಲ್ಲಿ ಕೇಳಿದ್ದಳು. ನಾನು ಉತ್ತರಿಸುವ ಮೊದಲೇ ಅವಳೇ, "ಬೇಡ ಬಿಡಪ್ಪ" ಎಂದಿದ್ದಳು. ನಾನು ಐಸ್ ಪ್ಯಾಕ್ ಹಿಡಿದು ನಿಂತಿರುವಾಗ ತನ್ವಿ ಒದ್ದೆ ಬೈರಾಸು ತಂದು ಕೊಟ್ಟಳು. ಜನ್ಮದಲ್ಲಿ ಹಲ್ಲು ಕಿತ್ತವನಲ್ಲ ನಾನು. "ಅಗೋ ಕಾಗೆ," ಎಂದೆ.

"ಅಜ್ಜಾ, ವೋ ಟ್ರಿಕ್ ಪುರಾನಾ ಹೈ."

ನಿಜಕ್ಕೂ ಕಾಗೆಯೊಂದು ಕಿಟಕಿಗೆ ಬಂದಿತ್ತು. ನಾನು ಅದನ್ನು ನೋಡಿ ತಿರುಗುವಷ್ಟರಲ್ಲಿ ಹಲ್ಲು ಅವಳ ಅಂಗೈಯಲ್ಲಿತ್ತು. ಸಗಣಿಯಿರಲಿಲ್ಲ. ರಾಗಿಹಿಟ್ಟು ಕಲಸಿ ಸುತ್ತಿಕೊಟ್ಟೆ. ಅವಳು ಗ್ಯಾಲರಿಯಲ್ಲಿ ತುದಿಗಾಲಲ್ಲಿ ನಿಂತು ಎಸೆದಳು. ಪತ್ರಾ ಠಣ್ಣೆಂದಿತು.

"ಹಳೇ ಹಲ್ಲು ತಕೋ," ಎಂದಳು, ನನ್ನ ಜೊತೆ ಎಂದೂ ಕನ್ನಡದಲ್ಲಿ ಮಾತಾಡದ ಹುಡುಗಿ. "ಹೊಸ ಹಲ್ಲು ಕೊಡು."

ಐಸ್ ಪ್ಯಾಕನ್ನು ಅವಳ ಕೆನ್ನೆಗೆ ಒತ್ತಿ ಹಿಡಿದೆ. ಅದು ಮೆತ್ತಗಾಗಿ, ಬಿಸಿಲಿಗೆ ಬೆಚ್ಚಗೂ ಆಯಿತು. ಮತ್ತೆ ಫ್ರಿಜ್ಜಿನೊಳಗೆ ಇಡಲಿಲ್ಲ.