ಅವ್ವ ಸೀರಿಯಸ್ ಆದ ದಿನ

'ಸೀರಿಯಸ್' ಎಂಬ ಮಾತಿಗೆ ನಮ್ಮ ಕಡೆ ಜಾಗಕ್ಕೊಂದು ಅರ್ಥ. ಸ್ಕೂಲಿನಲ್ಲಿ ಮೇಷ್ಟ್ರು "ಸೀರಿಯಸ್ಸಾಗಿ ಓದ್ರೋ" ಅಂದರೆ ಬೆತ್ತ ಕೈಗೆ ಬಂದಿದೆ ಎಂದು. ನಾನು ಕೆಲಸಕ್ಕಿದ್ದ ಬಿಡದಿ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ "ನೀನು ಸೀರಿಯಸ್ ಇಲ್ಲ ಕಣಯ್ಯ" ಅಂದರೆ ಭಾನುವಾರವೂ ಡ್ಯೂಟಿಗೆ ಬಾ ಎಂದು. ಫೋನಿನಲ್ಲಿ ಅಂದರೆ ಮಾತ್ರ ಮುಗಿಯಿತು, ಆಸಾಮಿ ಹೋಗಿಯಾಗಿದೆ. ದೂರದಲ್ಲಿರುವವನಿಗೆ ಸತ್ತರು ಅಂತ ಬಾಯಿಬಿಟ್ಟು ಹೇಳಬಾರದಲ್ಲ, ದಾರಿಯಲ್ಲಿ ಅವನಿಗೇ ಏನಾದರೂ ಆದರೆ? ಅಪ್ಪ ಸತ್ತಾಗಲೂ ನನಗೆ ಹಾಗೇ ಹೇಳಿದ್ದರು.

ಆ ದಿನ ಗೇಟಿನ ಸೆಕ್ಯುರಿಟಿಯವನು ಕರೆದು ಫೋನು ಕೊಟ್ಟ. ಊರಿನಿಂದ ಚಿಕ್ಕಪ್ಪ.

"ಲೇ, ನಿಮ್ಮವ್ವ ಸೀರಿಯಸ್ ಕಣ್ಲಾ. ಬಂದ್ಬುಡು."

ಇನ್ನೇನು ಕೇಳುವುದಿತ್ತು, ಮಣ್ಣು! ಫೋನಿಟ್ಟು ಬಸ್ಸು ಹತ್ತಿದೆ. ಬೈರಮಂಗಲದ ಹತ್ತಿರ ಎಲ್ಲರೂ ಮೂಗು ಮುಚ್ಚಿಕೊಂಡರು. ಕೆರೆಯಲ್ಲಿ ಕೊಳಚೆ ನೀರಿನ ಬಿಳಿ ನೊರೆ ಎದ್ದಿತ್ತು. ನನಗೆ ವಾಸನೆಯೇ ಬರಲಿಲ್ಲ. ಅವ್ವ ಇಲ್ಲ ಅನ್ನುವುದನ್ನು ಆ ಸೀಟಿನಲ್ಲೇ ಒಪ್ಪಿಕೊಂಡೆ, ಅತ್ತದ್ದೂ ಅಲ್ಲೇ. ಹಾರೋಹಳ್ಳಿ ದಾಟುವಾಗ ಅಳು ನಿಂತು, ಒಳಗೆಲ್ಲ ಜೋಮು ಹಿಡಿದಂತಾಗಿತ್ತು. ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಸುಗಂಧರಾಜದ ಹಾರ ಕಟ್ಟಿಸಿಕೊಂಡು ಉಯ್ಯಂಬಳ್ಳಿ ಬಸ್ಸಿಗೆ ಕಾದೆ.

ಮನೆ ಮುಂದೆ ಜನ ಇರಲಿಲ್ಲ, ಬೆಂಕಿಯೂ ಹಾಕಿರಲಿಲ್ಲ. ಬಾಗಿಲಲ್ಲಿದ್ದ ಚಿಕ್ಕಪ್ಪ ಹಾರ ನೋಡಿ ಗದರಿದ.

"ಥೂ ನಿನ್ನ, ಏನ್ಲಾ ಅದು! ಡಾಕ್ಟ್ರು ಸೀರಿಯಸ್ ಅಂದ್ರು, ಅದ್ಕೇ ನಾನೂ ಅಂದೆ. ಜೀವ ಐತೆ ಕಣ್ಲಾ!"

ಒಳಗೆ ಅವ್ವ ಚಾಪೆಯ ಮೇಲೆ ಮಲಗಿದ್ದಳು, ಕಣ್ಣು ಬಿಟ್ಟುಕೊಂಡು. ಚಿಕ್ಕಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಸತ್ತಳು ಅಂತ ಅತ್ತು ಮುಗಿಸಿದವನಿಗೆ, ಬದುಕಿದ್ದಾಳೆ ಅಂತ ನಗುವುದಕ್ಕೆ ಏನೂ ಉಳಿದಿರಲಿಲ್ಲ. ಹಾರವನ್ನು ಬೆನ್ನ ಹಿಂದೆ ಮರೆಮಾಡಿಕೊಂಡೆ. ಅವ್ವ ನೋಡಿಬಿಟ್ಟಿದ್ದಳು.

"ಯಾರ್ಗ್ಲಾ ಮಗಾ, ಹಾರ?"

"ದೇವ್ರಿಗೆ ಕಣವ್ವ."

ಅವಳು ನನ್ನ ಮುಖ ನೋಡಿ, ಚಮಚವನ್ನು ಕೈಯಲ್ಲಿ ಪಕ್ಕಕ್ಕೆ ಸರಿಸಿದಳು.

"ನಂಗೇ ತಾನೆ? ಈಗ್ಲೇ ಹಾಕ್ಬುಡು. ಆಮ್ಯಾಕೆ ನಂಗೆ ಕಾಣಾಕಿಲ್ಲ."

ಹಾಕಿದೆ. ಫೋಟೋಕ್ಕೆ ಹಾಕುವ ಹಾಗೆ ಎರಡೂ ಕಡೆ ಸಮ ಮಾಡಿದೆ.