ಮೆಣಸಿನಕಾಯಿ ಆರಿಸಿದ ಕೈಯಲ್ಲಿ ಪಿಸ್ತೂಲು

ಪಿಸ್ತೂಲಿಗೂ ಚೌಕಾಶಿ ನಡೆಯುತ್ತದೆ. ಗೊತ್ತಿತ್ತೇ ನಿಮಗೆ?

ನನಗೂ ಕಳೆದ ವಾರದವರೆಗೆ ಗೊತ್ತಿರಲಿಲ್ಲ. ಬೆಲೆ ಒಂದು ರಿಂಗಿಟ್ (ಇಲ್ಲಿನ ರೂಪಾಯಿ) ಕೂಡ ಇಳಿಯಲಿಲ್ಲ, ನಿಜ. ಆದರೆ ಇನ್ನೊಂದು ಮ್ಯಾಗಜೀನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಪುಕ್ಕಟೆ ಕೊಡಿ ಎಂದು ಪಟ್ಟು ಹಿಡಿದೆ. ಅಂಗಡಿಯವನು ನೋಡೋಣ ಅಂದ. ‘ನೋಡೋಣ’ ಅಂದರೆ ಅರ್ಧ ಗೆದ್ದ ಹಾಗೆ. ಬೀಗುತ್ತಾ ಮನೆಗೆ ಬಂದೆ.

ಆ ಸಂಜೆ ಬೀಗಿದ್ದೆಲ್ಲ ಇಳಿಯಿತು. ಅದನ್ನೇ ಹೇಳಹೊರಟಿದ್ದೇನೆ.

ನನ್ನ ದಂಧೆ ನಿಮಗೆ ಗೊತ್ತೇ ಇದೆ. ಬ್ಯಾಡಗಿಯಿಂದ ಒಣಮೆಣಸಿನಕಾಯಿ ತರಿಸುವುದು, ಕ್ಲಾಂಗ್ ಬಂದರಿನಲ್ಲಿ ಇಳಿಸಿಕೊಳ್ಳುವುದು, ಇಲ್ಲಿನ ಹೋಟೆಲುಗಳಿಗೂ ಮಸಾಲೆ ಮಿಲ್ಲುಗಳಿಗೂ ಮಾರುವುದು. ಒಂದು ಕಾಲದಲ್ಲಿ ಸ್ಯಾಂಪಲ್ ಚೀಲ ಹೆಗಲಿಗೆ ಹಾಕಿಕೊಂಡು ಬ್ರಿಕ್‌ಫೀಲ್ಡ್ಸ್‌ನ ಅಂಗಡಿ ಅಂಗಡಿ ಅಲೆದವನು ನಾನು. ಈಗ ಕ್ಲಾಂಗ್‌ನಲ್ಲಿ ಸ್ವಂತ ಗೋಡೌನಿದೆ. ಅದರ ಹಿಂದಿನ ಬೀದಿಯಲ್ಲೇ ಮನೆ. ಇಷ್ಟು ವರ್ಷ ಇಲ್ಲಿ ಭಯ ಅಂತ ಪಟ್ಟಿದ್ದು ಮಾಲು ತೇವ ಹಿಡಿಯುತ್ತದೆ ಎಂಬುದಕ್ಕೆ ಮಾತ್ರ.

ಆಮೇಲೆ ಲಾಕ್‌ಡೌನ್ ಬಂತು. ಲಿಮ್ ಗೋಡೌನಿಗೆ ಕಳ್ಳರೂ ಬಂದರು.

ಲಿಮ್ ನನ್ನ ಪಕ್ಕದ ಗೋಡೌನಿನವನು, ಲಾರಿ ಬಿಡಿಭಾಗಗಳ ವ್ಯಾಪಾರಿ. ಹಾಡಹಗಲು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ಹಾಕಿದವರು ವ್ಯಾನಿನಿಂದ ಇಳಿದರಂತೆ. ‘ಸ್ಯಾನಿಟೈಸ್ ಮಾಡಬೇಕು’ ಅಂದರಂತೆ. ಅವರಲ್ಲೊಬ್ಬ ಲಿಮ್‌ನ ಹಣೆಗೆ ಜ್ವರ ನೋಡುವ ಗನ್ ಹಿಡಿದ. ಪಾಪ, ನಾವೆಲ್ಲ ನಿಲ್ಲುವ ಹಾಗೆ ಅವನೂ ಕಣ್ಣು ಮುಚ್ಚಿ ಸುಮ್ಮನೆ ನಿಂತ. ಕಣ್ಣು ಬಿಟ್ಟಾಗ ಕುತ್ತಿಗೆಯ ಮೇಲೆ ಮಚ್ಚು.

ಗಲ್ಲಾಪೆಟ್ಟಿಗೆ ಹೋಯಿತು. ಜೀವ ಉಳಿಯಿತು. ಅವತ್ತಿನಿಂದ ಲಿಮ್ ಶಟರನ್ನು ಸೊಂಟದಿಂದ ಮೇಲೆ ಎತ್ತಿಲ್ಲ. ಗಿರಾಕಿಗಳು ಬಗ್ಗಿ ಮಾತಾಡಬೇಕು. ಅವನು ಒಳಗಿನಿಂದ ಅವರ ಚಪ್ಪಲಿ ನೋಡಿ ಯಾರು ಎಂದು ತೀರ್ಮಾನಿಸುತ್ತಾನೆ.

ನನ್ನ ನಿದ್ದೆ ಹಾರಿತು. ಯೋಚಿಸಿ ನೋಡಿ: ಊರಿಗೆ ಊರೇ ಮುಖ ಮುಚ್ಚಿಕೊಂಡು ಓಡಾಡುವಾಗ ಕಳ್ಳ ಯಾರು, ಗಿರಾಕಿ ಯಾರು? ಬೈಕಿನಲ್ಲಿ ತಪಾವ್ (ಪಾರ್ಸೆಲ್ ಊಟ) ತಂದವನು ಗೇಟು ತಟ್ಟಿದರೂ ಕಿಟಕಿಯಿಂದ ಇಣುಕಿ ನೋಡಿ ಆಮೇಲೇ ಹೊರಗೆ ಬರುತ್ತಿದ್ದೆ. ಬ್ಯಾಂಕಿನ ವೇಳೆ ಮೊಟಕಾಗಿ ವಸೂಲಿ ಹಣ ಮನೆಗೇ ಬರುತ್ತಿತ್ತು. ಮನೆಯಲ್ಲಿ ನಾನು ಮತ್ತು ಹೆಂಡತಿ ಸುನಂದಾ ಇಬ್ಬರೇ. ಮಗಳು ಮೇಘಾ ಸೈಬರ್‌ಜಯಾದ ಹಾಸ್ಟೆಲಿನಲ್ಲಿ ಸಿಕ್ಕಿಬಿದ್ದಿದ್ದಳು. ಜಿಲ್ಲೆ ದಾಟಲು ಬಿಡುತ್ತಿರಲಿಲ್ಲ.

ಪರವಾನಗಿಗೆ ಅರ್ಜಿ ಹಾಕಿದೆ. ಈ ದೇಶದಲ್ಲಿ ಅದೇನು ರೇಷನ್ ಕಾರ್ಡ್ ಅಲ್ಲ. ಅನುಮತಿಯಿಲ್ಲದ ಪಿಸ್ತೂಲು ಸಿಕ್ಕರೆ ಬದುಕೇ ಮುಗಿಯಿತು. ವಿಚಾರಣೆ, ಮತ್ತೆ ವಿಚಾರಣೆ, ತಿಂಗಳುಗಟ್ಟಲೆ ಕಾಯುವುದು. ಬರುವುದಿಲ್ಲ ಅಂದುಕೊಂಡಿದ್ದೆ. ಬಂತು.

‘ಏನ್ರೀ, ತಲಿ ಕೆಟ್ಟೈತೇನು ನಿಮಗ?’ ಅಂದಳು ಸುನಂದಾ. ‘ಜಿರಳಿ ಕಂಡ್ರ ಸ್ಟೂಲ್ ಹತ್ತತೀರಿ. ನೀವು ಪಿಸ್ತೂಲ್ ಹಿಡೀತೀರಿ?’

‘ಲಿಮ್ ಹತ್ತಿರ ಪಿಸ್ತೂಲು ಇದ್ದಿದ್ದರೆ?’ ಅಂದೆ.

‘ಇದ್ದಿದ್ರ ಕಳ್ಳರು ಅದನ್ನೂ ಒಯ್ತಿದ್ರು.’

ಹೆಂಡತಿಯ ಜೊತೆ ವಾದ ಸೋಲುವ ಹೊತ್ತಿಗೆ ನಾನು ಕಾರಿನ ಕೀಲಿ ತೆಗೆದುಕೊಳ್ಳುತ್ತೇನೆ. ತೆಗೆದುಕೊಂಡೆ.

ಅಂಗಡಿ ಮಹಡಿಯ ಮೇಲಿತ್ತು. ಕಬ್ಬಿಣದ ಬಾಗಿಲು, ಅದರ ಹಿಂದೆ ಇನ್ನೊಂದು ಬಾಗಿಲು. ಕಾವಲುಗಾರ ಹಣೆಗೆ ಜ್ವರದ ಗನ್ ಹಿಡಿದಾಗ ನಾನು ಕಣ್ಣು ಮುಚ್ಚಲಿಲ್ಲ. ಲಿಮ್ ಕಲಿಸಿದ ಪಾಠ. ಮಾಲೀಕ ಮಿಸ್ಟರ್ ಟಾನ್, ವಯಸ್ಸಾದ ಚೀನೀ ಮನುಷ್ಯ. ಮಾಸ್ಕಿನಿಂದಾಗಿ ಅವನ ಕನ್ನಡಕ ಮತ್ತೆ ಮತ್ತೆ ಮಂಜಾಗುತ್ತಿತ್ತು. ಹಸಿರು ಬಟ್ಟೆ ಹಾಸಿ ನಾಲ್ಕೈದು ಪಿಸ್ತೂಲು ಸಾಲಾಗಿ ಇಟ್ಟ. ಪ್ರತಿಯೊಂದನ್ನೂ ಬಿಚ್ಚಿ, ಖಾಲಿ ಎಂದು ತೋರಿಸಿ, ಆಮೇಲೇ ಕೈಗೆ ಕೊಟ್ಟ.

ಇಲ್ಲೊಂದು ಸಲಹೆ, ಏನೇ ಕೊಳ್ಳುವುದಿದ್ದರೂ ನಡೆಯುತ್ತದೆ. ಚೀಲದ ಮೇಲಿನ ಪದರ ನೋಡಿ ಮೆಣಸಿನಕಾಯಿ ಕೊಳ್ಳಬಾರದು. ಮೊಣಕೈವರೆಗೆ ಕೈ ತೂರಿಸಿ ತಳದ್ದನ್ನು ಎಳೆಯಬೇಕು. ತೊಟ್ಟು ಮುರಿಯಬೇಕು, ಸದ್ದು ಕೇಳಬೇಕು, ಮೂಗಿಗೆ ಹಿಡಿಯಬೇಕು. ಆದ್ದರಿಂದ ಬಟ್ಟೆಯ ಮೇಲಿದ್ದವು ಬೇಡ, ಒಳಗಿನ ಡಬ್ಬಿ ಒಡೆಯಿರಿ ಅಂದೆ. ಒಡೆದ. ಕೈಗೆ ಕೊಟ್ಟಿದ್ದೇ ತಡ, ಅಭ್ಯಾಸಬಲ, ಮಾಸ್ಕು ಸರಿಸಿ ಮೂಸಿ ನೋಡಿದೆ! ಹೊಲಿಗೆ ಯಂತ್ರದ ಎಣ್ಣೆಯ ವಾಸನೆ.

ಟಾನ್ ನನ್ನ ಮಣಿಕಟ್ಟು ಹಿಡಿದು ನಿಧಾನವಾಗಿ ಕೆಳಗಿಳಿಸಿದ. ‘ಬಾಸ್, ಅಲ್ಲಿ ಮೂಗು ಇಡಬೇಡಿ ಲಾ’ ಎಂಬ ಅರ್ಥದಲ್ಲಿ, ಮಾತಿನ ಕೊನೆಗೊಂದು ‘ಲಾ’ ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ, ಏನೋ ಅಂದ. ‘ಖಾಲಿ ಇದ್ದರೂ ತುಂಬಿದೆ ಅಂತಲೇ ಹಿಡಿಯಬೇಕು.’

ಹಗುರವಾಗಿತ್ತು. ಅನುಮಾನ ಬಂತು. ‘ಪ್ಲಾಸ್ಟಿಕ್ಕಾ?’

‘ಪಾಲಿಮರ್’ ಅಂದ, ಅವಮಾನವಾದವನಂತೆ. ಮೇಲ್ಗಡೆ ಹಿಂದೆ-ಮುಂದೆ ಜಾರುವ ಭಾಗ, ನಳಿಕೆ ಎಲ್ಲ ಉಕ್ಕು. ಕೆಳಗಿನ ಚೌಕಟ್ಟು ಮತ್ತು ಹಿಡಿ ಮಾತ್ರ ಪಾಲಿಮರ್. ತುಕ್ಕು ಹಿಡಿಯುವುದಿಲ್ಲ, ಇಲ್ಲಿನ ಸೆಕೆಗೆ ಬೆವರಿದರೂ ಕೈ ಜಾರುವುದಿಲ್ಲ, ದಿನವಿಡೀ ಸೊಂಟದಲ್ಲಿದ್ದರೂ ಪ್ಯಾಂಟು ಜಗ್ಗುವುದಿಲ್ಲ. ಹಿಡಿಯ ಹಿಂಬದಿಯ ತುಂಡು ಬದಲಿಸಿದರೆ ಸಣ್ಣ ಅಂಗೈಗೂ ದೊಡ್ಡ ಅಂಗೈಗೂ ಹೊಂದುತ್ತದೆ. ನನ್ನ ಅಂಗೈಗೆ ಸಣ್ಣ ತುಂಡು ಹಾಕಿಕೊಟ್ಟ. ಹೇಗೆ ಕೂತಿತು ಅಂತೀರಿ? ಹಳೆಯ ಗೆಳೆಯ ಕೈ ಕುಲುಕಿದ ಹಾಗೆ.

ಸೇಫ್ಟಿಯ ಗುಂಡಿ ಎಲ್ಲಿ ಎಂದು ಹೆಬ್ಬೆರಳಲ್ಲಿ ಹುಡುಕಿದೆ. ಸಿಗಲಿಲ್ಲ.

ಟಾನ್ ನಕ್ಕ. ಈ ಮಾಡೆಲಿನಲ್ಲಿ ಹೊರಗಡೆ ಗುಂಡಿ ಇಲ್ಲ. ಟ್ರಿಗರಿನ ನಡುವೆ ಒಂದು ಪುಟ್ಟ ನಾಲಿಗೆಯಿದೆ. ಬೆರಳು ಸರಿಯಾಗಿ ಒತ್ತಿದರೆ ಮಾತ್ರ ಗುಂಡು ಹಾರುತ್ತದೆ, ಪಿಸ್ತೂಲು ಕೆಳಗೆ ಬಿದ್ದರೆ ಹಾರುವುದಿಲ್ಲ. ಗಾಬರಿಯಲ್ಲಿ ಗುಂಡಿ ಹುಡುಕುತ್ತಾ ಕೂರುವ ಹಾಗಿಲ್ಲ. ತೆಗೆ, ಒತ್ತು. ಅಷ್ಟೇ.

ತೆಗೆ, ಒತ್ತು! ನನ್ನಂಥ ಅಂಜುಬುರುಕನಿಗೆ ಹೇಳಿ ಮಾಡಿಸಿದಂತಿತ್ತು. ಸೊಂಟಕ್ಕೆ ಚರ್ಮದ ಚೀಲ ಕಟ್ಟಿಸಿಕೊಂಡೆ. ತೆಗೆದೆ, ಇಟ್ಟೆ. ಮತ್ತೆ ತೆಗೆದೆ. ಲಿಮ್ ಗೋಡೌನಿಗೆ ಬಂದವರೆಲ್ಲ ನನ್ನ ಕಣ್ಣೆದುರು ಕೈ ಎತ್ತಿ ನಿಂತಿದ್ದರು.

ಆಮೇಲೆ ಚೌಕಾಶಿ. ಅದು ಮುಗಿದ ಮೇಲೆ ನನ್ನ ಕೊನೆಯ ಅಸ್ತ್ರ ತೆಗೆದೆ. ಮೆಣಸಿನಕಾಯಿ ಮಾರುವವನಿಗೆ ನಾನು ಯಾವಾಗಲೂ ಕೇಳುವ ಪ್ರಶ್ನೆ ಇದು: ‘ನಿಮ್ಮ ಮನೆ ಅಡುಗೆಗೆ ಯಾವುದು ಹಾಕುತ್ತೀರಿ?’ ಎಂಥ ಪಾಕಡಾ ದಲ್ಲಾಳಿಯಾದರೂ ಇದಕ್ಕೆ ತಡವರಿಸುತ್ತಾನೆ. ನಿಜ ಹೊರಬೀಳುತ್ತದೆ.

‘ಮಿಸ್ಟರ್ ಟಾನ್, ನಿಮ್ಮ ಮನೆಯಲ್ಲಿ ಯಾವ ಮಾಡೆಲ್ ಇದೆ?’

ಅವನು ತಡವರಿಸಲಿಲ್ಲ. ‘ಮನೆಯಲ್ಲಾ? ಮನೆಯಲ್ಲಿ ನಾಯಿ ಇದೆ ಲಾ. ಎರಡು.’

ತಮಾಷೆ ಅಂದುಕೊಂಡೆ. ಅವನು ಕನ್ನಡಕ ಒರೆಸುತ್ತಾ ಹೇಳಿದ: ‘ನನ್ನ ಮೊಮ್ಮಕ್ಕಳು ಮಾಸ್ಕ್ ಹಾಕಿಕೊಂಡು ಬಂದರೂ ನಾಯಿಗೆ ಗೊತ್ತಾಗುತ್ತದೆ.’

ಮಾರುವವನೇ ಹೀಗೆಂದರೆ? ಇದೂ ವ್ಯಾಪಾರದ ಒಂದು ಪಟ್ಟೇ ಇರಬೇಕು ಎಂದು ನಕ್ಕು ಮೆಟ್ಟಿಲಿಳಿದೆ. ಮಾಲಿನ ಗುಟ್ಟನ್ನು ನಾನೇ ಕೇಳಿದ್ದೆ, ಅವನು ಹೇಳಿಯೂ ಇದ್ದ. ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ. ಸುನಂದಾ ದೇವರಿಗೆ ದೀಪ ಹಚ್ಚುತ್ತಿದ್ದಳು. ನಾನು ಮುಂಬಾಗಿಲ ಹತ್ತಿರ ಕೂತಿದ್ದೆ. ಗೇಟಿನ ಸದ್ದಾಯಿತು.

ನಮ್ಮ ಗೇಟು ಒಂದು ಕಡೆ ಕುಸಿದಿದೆ. ಸುಮ್ಮನೆ ತಳ್ಳಿದರೆ ತೆರೆಯುವುದಿಲ್ಲ. ಚಿಲಕ ಸರಿಸಿ, ಗೇಟನ್ನೇ ಒಂದಿಷ್ಟು ಮೇಲಕ್ಕೆತ್ತಿ ತಳ್ಳಬೇಕು. ಹೊರಗಿನವರಿಗೆ ಗೊತ್ತಾಗುವುದಿಲ್ಲ, ಕೂಗುತ್ತಾರೆ. ಆದರೆ ಈಗ ಬಂದವರು ಕೂಗಲಿಲ್ಲ. ಚಿಲಕ ಸರಿಯಿತು, ಗೇಟು ಮೇಲೆದ್ದಿತು, ತೆರೆಯಿತು.

ಒಳಗೆ ಕಾಲಿಟ್ಟಿದ್ದು ಬಿಳಿ ಸೂಟು. ತಲೆಗೆ ಮುಸುಕು, ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ.

ನಮ್ಮ ಗೇಟಿನ ಗುಟ್ಟು ತಿಳಿದುಕೊಂಡು ಬಂದಿದ್ದಾರೆ. ಎಷ್ಟು ದಿನದಿಂದ ನೋಡುತ್ತಿದ್ದರೋ! ಬಿಳಿ ಸೂಟು ಅಂಗಳದಲ್ಲೇ ನಿಂತಿತು. ಚೀಲಕ್ಕೆ ಕೈ ಹಾಕಿ ಏನೋ ತೆಗೆದು ನೇರ ನನ್ನ ಹಣೆಗೆ ಗುರಿ ಹಿಡಿಯಿತು.

ಜ್ವರ ನೋಡುವ ಗನ್.

ಕಾಲು ನೆಲಕ್ಕೆ ಅಂಟಿತ್ತು. ಆದರೆ ಬಲಗೈ? ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು. ಬೆಳಿಗ್ಗೆ ಅಂಗಡಿಯಲ್ಲಿ ಚರ್ಮದ ಚೀಲ ಕಟ್ಟಿ ನೋಡಿದ್ದ, ಈಗ ಏನೂ ಇಲ್ಲದ ಅದೇ ಜಾಗಕ್ಕೆ. ಅಂಗೈ ಹಿಡಿಯ ಆಕಾರಕ್ಕೆ ಮಡಿಸಿಕೊಂಡಿತು. ತೋರುಬೆರಳು ಬಾಗಿತು.

ಒಳಗಿನಿಂದ ಸುನಂದಾ ಬತ್ತಿ ಹಿಡಿದ ಕೈಯಲ್ಲೇ ಓಡಿ ಬಂದಳು. ಅವಳು ಇನ್ನೂ ಏನನ್ನೂ ನೋಡಿರಲಿಲ್ಲ. ಕೇಳಿದ್ದಳು ಅಷ್ಟೇ.

‘ಮೇಘಾ ಬಂದ್ಲೇನ್ರೀ? ಗೇಟ್ ಎತ್ತಿ ತಳ್ಳಿದ ಸಪ್ಪಳ ಆತಲ್ಲ!’

ಪ್ಲಾಸ್ಟಿಕ್ ಪರದೆ ಮೇಲೆ ಸರಿಯಿತು. ‘ಅಪ್ಪಾ, ಇಟ್ಸ್ ಮಿ ಲಾ! ಟೆಂಪರೇಚರ್ ನೋಡೋಣ ಅಂತ. ಯಾಕೆ ಹಾಗೆ ನೋಡ್ತಿದೀಯ? ಯು ಲುಕ್ ಸೋ ಸ್ಕೇರಿ.’

ಅವಳು ಕೊರೋನಾ ಪರೀಕ್ಷಾ ಕೇಂದ್ರದಲ್ಲಿ ಸ್ವಯಂಸೇವೆಗೆ ಸೇರಿದ್ದಳಂತೆ. ಕ್ಲಾಂಗ್‌ನ ಕೇಂದ್ರಕ್ಕೆ ಹಾಕಿದ್ದರಿಂದ ಜಿಲ್ಲೆ ದಾಟಲು ಪಾಸ್ ಸಿಕ್ಕಿತ್ತು. ಹೇಳದೆ ಬಂದು ನಮ್ಮನ್ನು ಚಕಿತಗೊಳಿಸಬೇಕು ಅಂತ ಆಸೆ. ಆ ಬಿಳಿ ಸೂಟು ಹೊಸದು. ತನ್ನಿಂದ ನಮಗೆ ಏನೂ ತಗುಲಬಾರದು ಎಂದು, ಬೀದಿ ತಿರುವಿನಲ್ಲಿ ನಿಂತು, ಮುತುವರ್ಜಿಯಿಂದ ಹಾಕಿಕೊಂಡಿದ್ದಳು. ನಮ್ಮ ಜೀವ ಕಾಪಾಡಲು.

ಒಂದೇ ಸದ್ದು. ಹೆಂಡತಿಗೆ ಮಗಳು ಕೇಳಿಸಿದಳು. ನನಗೆ ಕಳ್ಳ ಕೇಳಿಸಿದ.

‘ಸೊಂಟಾ ಯಾಕ ಹಿಡಕೊಂಡ್ರಿ? ಉಳುಕ್ತೇನು?’ ಅಂದಳು ಸುನಂದಾ. ಹೂಂ ಅಂದೆ. ಅವಳು ನನ್ನ ಕೈಯನ್ನೂ ಮುಖವನ್ನೂ ಸರದಿಯಲ್ಲಿ ನೋಡಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು.

ಅವತ್ತಿನಿಂದ ನನಗೆ ಕಳ್ಳರಿಗಿಂತ ನನ್ನ ಬಲಗೈಯ ಭಯ. ಒಂದೇ ಬೆಳಿಗ್ಗೆಯಲ್ಲಿ ಎಷ್ಟು ಚೆನ್ನಾಗಿ ಕಲಿತುಬಿಟ್ಟಿತ್ತು ಅದು! ಹಾಗಂತ ಕಳ್ಳರ ಭಯ ಹೋಯಿತೇ? ಇಲ್ಲ. ಲಿಮ್ ಗೋಡೌನಿಗೆ ಬಂದವರು ಇನ್ನೂ ಸಿಕ್ಕಿಲ್ಲ. ಬಾಗಿಲಿಗೆ ಇನ್ನೊಂದು ಅಗಳಿ ಹಾಕಿಸಿದ್ದೇನೆ, ಗೇಟಿಗೆ ದೊಡ್ಡ ದೀಪ. (ನೀವೂ ಮೊದಲು ದೀಪ ಹಾಕಿಸಿ. ಮುಖ ಕಾಣದಿದ್ದರೂ ನಡಿಗೆ ಕಾಣುತ್ತದೆ.) ಒಂದು ನಾಯಿ ಬೇಕೆಂದೂ ಹೇಳಿಟ್ಟಿದ್ದೇನೆ.

ಇದನ್ನು ಬರೆಯುತ್ತಿರುವಾಗಲೇ ಮಿಸ್ಟರ್ ಟಾನ್ ಮೆಸೇಜ್ ಬಂತು: ‘ಓಕೆ ಬಾಸ್, ಎರಡನೇ ಮ್ಯಾಗಜೀನ್ ಫ್ರೀ. ಬಂದು ಪಿಸ್ತೂಲ್ ಸಮೇತ ತಗೊಂಡು ಹೋಗಿ.’

ಚೌಕಾಶಿ ಗೆದ್ದೆ. ಕೇಳಿದ್ದಕ್ಕೆ ಮಾರುವವನು ಒಪ್ಪಿದ ಮೇಲೆ ಹಿಂದೆ ಸರಿಯುವುದು ನಮ್ಮ ದಂಧೆಯಲ್ಲಿ ಮರ್ಯಾದೆಯಲ್ಲ. ಬೇಡ ಎನ್ನಲು ಬಲವಾದ ಕಾರಣ ಬೇಕು. ನನ್ನ ಬಳಿ ಇರುವುದು ಒಂದೇ. ಅದು ಈಗ ಅಡುಗೆಮನೆಯಲ್ಲಿ ಅಮ್ಮನ ಜೊತೆ ಜಗಳವಾಡುತ್ತಾ ಖಾರದ ರೊಟ್ಟಿ ತಿನ್ನುತ್ತಿದೆ. ಸಾಲದೇ?