ಚನ್ನವೀರಪ್ಪನ ಸಹಿ

ಚನ್ನವೀರಪ್ಪ ಪುಕ್ಕಲ. ಆತನನ್ನು ಬಲ್ಲವರು ಯಾರೂ ಇದನ್ನು ಅಲ್ಲಗಳೆಯಲಾರರು. ಆತನ ಹೆಂಡತಿಯಂತೂ ನನಗಿಂತ ಮೊದಲೇ ಹೇಳಿದ್ದಾಳೆ. ಮೇಜಿನ ಆಚೆ ಕುಳಿತವರು ಯಾರೇ ಇರಲಿ, ಬ್ಯಾಂಕಿನ ಹುಡುಗಿಯೋ ಲೈಬ್ರರಿಯ ಗುಮಾಸ್ತೆಯೋ, ಅವರ ಮುಂದೆ ಆತ ಕೈಕಟ್ಟಿ ನಿಲ್ಲುತ್ತಿದ್ದ. ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ಮೆಡೋವೇಲಿನ ನಮ್ಮ ಮನೆಗೆ ನಾಲ್ಕು ವರ್ಷದಲ್ಲಿ ಹತ್ತಾರು ಸಲ ಬಂದಿದ್ದಾನೆ. ಒಮ್ಮೆಯೂ ಚಳಿಗಾಲದ ಕೋಟನ್ನು ಬಿಚ್ಚಿಲ್ಲ, ಸೋಫಾದ ಮೇಲೆ ಕುಳಿತಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ತುದಿಯಲ್ಲಿ, ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು, ಯಾರಾದರೂ ಏಳು ಎಂದಾರು ಎಂಬಂತೆ ಚಹಾ ಕುಡಿದು ಹೊರಡುತ್ತಿದ್ದ.

ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ, ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಆತ ಹದಿನಾರು ವರ್ಷ ಗುಮಾಸ್ತನಾಗಿದ್ದ. ಹೆಂಡತಿ ಈರವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸ್. ಅವಳ ಅಣ್ಣ ಈ ಪರದೇಶದಲ್ಲಿದ್ದುದರಿಂದ 1998ರಲ್ಲಿ ಮಗಳು ಶಿವಾನಿಯನ್ನು ಕರೆದುಕೊಂಡು ಬಂದರು. ಈರವ್ವನ ಸರ್ಟಿಫಿಕೇಟು ಇಲ್ಲಿ ನಡೆಯಲಿಲ್ಲ. ಒಂದು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಹಾಸಿಗೆ ಬದಲಿಸುವ ಕೆಲಸಕ್ಕೆ ಸೇರಿದಳು. ಚನ್ನವೀರಪ್ಪ ವುಡ್‌ಬ್ರಿಡ್ಜಿನ ಕಾರ್ಖಾನೆಯೊಂದರಲ್ಲಿ ಅಡುಗೆಮನೆ ಕಪಾಟಿನ ಬಾಗಿಲುಗಳಿಗೆ ತೂತು ಕೊರೆಯುವ ಯಂತ್ರದ ಮುಂದೆ ನಿಂತ. ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರವರೆಗೆ ಶಿಫ್ಟು. ವಾಸ ಅಲ್ಲಿಯೇ ಹತ್ತಿರದ ಒಂದು ಬೇಸ್‌ಮೆಂಟಿನಲ್ಲಿ.

ನಾನು ಮೈಸೂರಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವಳು. ನಿವೃತ್ತಳಾಗಿ ಮಗನ ಮನೆಗೆ ಬಂದ ಮೇಲೆ, ಮೊಮ್ಮಗನ ಶಾಲೆಯ ಕಾಗದಗಳನ್ನು ಓದಲು ನನಗೆ ಪುರುಸೊತ್ತು ಇತ್ತು, ಬೇರೆ ಯಾರಿಗೂ ಇರಲಿಲ್ಲ. ಅದು ಹೇಗೋ ಸುದ್ದಿಯಾಗಿ, ಪ್ರತಿ ಫೆಬ್ರವರಿಯಲ್ಲಿ ಕನ್ನಡದವರ ಮಕ್ಕಳ ಹಾಳೆಗಳು ನಮ್ಮ ಊಟದ ಮೇಜಿಗೆ ಬರತೊಡಗಿದವು. ಮುಂದಿನ ವರ್ಷ ಯಾವ ಯಾವ ವಿಷಯ ಓದಬೇಕೆಂದು ಗುರುತು ಹಾಕಿ, ತಂದೆ ಅಥವಾ ತಾಯಿ ಸಹಿ ಮಾಡಿ ಶಾಲೆಗೆ ಮರಳಿಸುವ ಹಾಳೆ ಅದು. ನಮ್ಮವರಿಗೆ ಅದು ಪಿಯುಸಿ ಪ್ರವೇಶದ ಅರ್ಜಿಯಷ್ಟೇ ಭಯದ ಸಂಗತಿ. ಅಷ್ಟರಮಟ್ಟಿಗೆ ಅವರ ಭಯ ಸರಿಯೂ ಆಗಿತ್ತು.

2002ರ ಫೆಬ್ರವರಿಯ ಒಂದು ಭಾನುವಾರ ಮೂವರೂ ಬಂದರು. ಶಿವಾನಿ ಆಗ ಹತ್ತನೇ ತರಗತಿಯಲ್ಲಿದ್ದಳು. ಹನ್ನೊಂದನೆಯದಕ್ಕೆ ವಿಷಯ ಆರಿಸಬೇಕಿತ್ತು. ಹಾಳೆ ಶುಕ್ರವಾರದೊಳಗೆ ಶಾಲೆಗೆ ತಲುಪಬೇಕು. ವಿಷಯ ಆರಿಸಲು ಮಕ್ಕಳಿಗೆ ಸಲಹೆ ಕೊಡುವ ಶಾಲೆಯ ಗೈಡೆನ್ಸ್ ಕೌನ್ಸೆಲರ್ ಪೆನ್ಸಿಲಿನಲ್ಲಿ ಆಗಲೇ ಎಂಟು ವಿಷಯಗಳ ಮನೆಗಳನ್ನೂ ತುಂಬಿಟ್ಟಿದ್ದ.

"ನೀವೊಮ್ಮೆ ಕಣ್ಣ ಹಾಯಿಸಿ ಬರೋಬ್ಬರಿ ಐತಿ ಅಂದ್ರ ಸಾಕ್ರಿ ಮೇಡಮ್ಮಾರ," ಎಂದು ಚನ್ನವೀರಪ್ಪ ಸ್ಟೂಲಿನಿಂದಲೇ ಹೇಳಿದ. "ಸಹಿ ಮಾಡಿ ಒಗದ ಬಿಡ್ತೀನಿ."

ಹಾಳೆ ಓದಿದೆ. ಸುಲಭ ಗಣಿತ, ಅಡುಗೆ ಮತ್ತು ಆತಿಥ್ಯ, ಶಿಶುಪಾಲನೆ. ರಸಾಯನಶಾಸ್ತ್ರ ಇರಲಿಲ್ಲ. ವಿಶ್ವವಿದ್ಯಾಲಯದವರು ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ವಿಷಯವೂ ಇರಲಿಲ್ಲ.

"ಬರೋಬ್ಬರಿ ಇಲ್ಲ," ಎಂದೆ. "ಶಿವಾನಿ, ಈ ವರ್ಷ ಸೈನ್ಸಲ್ಲಿ ಎಷ್ಟು ಬಂದಿದೆ?"

"ನೈಂಟಿ ಫೋರ್ ಅಜ್ಜಿ. ಮ್ಯಾಥ್ಸ್ ನೈಂಟಿ ಒನ್. ಬಟ್ ಅದು ಅಪ್ಲೈಡ್. ಡಸಂಟ್ ಕೌಂಟ್."

ಅವಳು ಹೇಳಿದ್ದು ನಿಜ. ಇಲ್ಲಿ ಒಂಬತ್ತನೇ ತರಗತಿಗೆ ಕಾಲಿಡುವಾಗಲೇ ದಾರಿ ಎರಡಾಗುತ್ತದೆ. ಅಕಡೆಮಿಕ್ ಎಂಬ ದಾರಿ ವಿಶ್ವವಿದ್ಯಾಲಯದ ಕಡೆಗೆ. ಅಪ್ಲೈಡ್ ಎಂಬುದು ಬೇರೆ ಕಡೆಗೆ. ಎಂಟನೇ ತರಗತಿಯಲ್ಲಿದ್ದಾಗ ಶಿವಾನಿಗೆ ಇಂಗ್ಲಿಷು ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಟೀಚರು ಅಪ್ಲೈಡ್ ಎಂದು ಗುರುತು ಹಾಕಿ ಹಾಳೆ ಕಳಿಸಿದರು. ಚನ್ನವೀರಪ್ಪ ಓದದೆ ಸಹಿ ಮಾಡಿದ.

"ಐದು ನಿಮಿಷನೂ ಹಿಡೀಲಿಲ್ರಿ," ಎಂದಳು ಈರವ್ವ. "ಊಟಕ್ಕ ಕುಂತಾವ್ರು ಎಡಗೈಲೆ ಹಾಳಿ ಹಿಡದು ಬಲಗೈ ತೊಳದು ಸಹಿ ಹಾಕಿದ್ರು. ಆಮ್ಯಾಲೆ ಅನ್ನ ತಣ್ಣಗಾತು ಅಂತ ನನಗ ಬೈದ್ರು."

"ಮಾಸ್ತರು ಹೇಳಿದ ಮ್ಯಾಲೆ ನಾ ಯಾಂವ ಇಲ್ಲ ಅನ್ನಾಕ?"

"ನೀವು ಯಾಂವ ಅಂದ್ರ? ಅಪ್ಪ ರೀ!"

ಶಿವಾನಿ ನಕ್ಕಳು. ಏನಾಗಬೇಕೆಂದಿದ್ದೀಯ ಎಂದು ಕೇಳಿದೆ.

"ನರ್ಸ್," ಎಂದಳು. "ಅವ್ವನಂಗ. ಐ ಮೀನ್, ಅವ್ವ ಅಲ್ಲಿ ಇದ್ಳಲ್ಲಾ, ಹಂಗ."

ಈರವ್ವ ಚಹಾದ ಕಪ್ಪನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

2005ರಿಂದ ಈ ಪ್ರಾಂತ್ಯದಲ್ಲಿ ಹೊಸದಾಗಿ ನರ್ಸ್ ಆಗುವವರಿಗೆ ವಿಶ್ವವಿದ್ಯಾಲಯದ ಪದವಿ ಬೇಕು ಎಂದು ಆಗಲೇ ಗೊತ್ತಾಗಿತ್ತು. ಶಿವಾನಿ ಹನ್ನೆರಡನೆಯದು ಮುಗಿಸುವುದು 2004ರಲ್ಲಿ. ಹನ್ನೊಂದರಲ್ಲಿ ರಸಾಯನಶಾಸ್ತ್ರ ಮತ್ತು ಮೇಲಿನ ಗಣಿತ ಸಿಗದಿದ್ದರೆ ಹನ್ನೆರಡರಲ್ಲೂ ಸಿಗುವುದಿಲ್ಲ. ಆ ಹಾಳೆಯ ಮೇಲೆ ಸಹಿ ಬಿದ್ದರೆ ಹುಡುಗಿ ತಾಯಿಯ ಹಾಗೆ ಆಗುತ್ತಾಳೆ, ಆದರೆ ಅವಳು ಹೇಳಿದ ಹಾಗಲ್ಲ.

ಶಾಲೆಯ ಕೈಪಿಡಿಯನ್ನು ಪೂರ್ತಿ ಓದಿದಾಗ ಸಣ್ಣಕ್ಷರದಲ್ಲಿ ಒಂದು ಸಾಲು ಕಂಡಿತು. ಒಂದು ವಿಷಯಕ್ಕೆ ಬೇಕಾದ ಹಿಂದಿನ ಓದು ಇಲ್ಲದಿದ್ದರೂ, ತಂದೆ ಅಥವಾ ತಾಯಿ ಕೇಳಿಕೊಂಡರೆ, ಪ್ರಿನ್ಸಿಪಾಲರು ಯೋಚಿಸಿ ಆ ಷರತ್ತನ್ನು ಮನ್ನಾ ಮಾಡಬಹುದು. ಇದನ್ನು ಗಟ್ಟಿಯಾಗಿ ಓದಿ ಹೇಳಿದೆ.

"ನೀವು ಕೇಳಬೇಕು ಚನ್ನವೀರಪ್ಪನವರೆ. ಅಷ್ಟೇ."

ಆತ ಜಿಪ್ಪನ್ನು ಇನ್ನೂ ಮೇಲಕ್ಕೆ ಎಳೆದುಕೊಂಡ. "ನಿಮಗ ಆಫೀಸಿನ ಒಳಗಿನ ಮಾತು ಗೊತ್ತಿಲ್ರಿ. ಕೇಳಿದಾವನ ಫೈಲು ಕೆಳಗ ಹೋಗ್ತೈತಿ. ಬಾಳ ಮಾತಾಡಿದ್ನೋ, ಮುಗೀತು. ಎರಡು ವರ್ಷ ಮ್ಯಾಲ ಬರೂದಿಲ್ಲ."

"ಹಾಗೆಂದು ಯಾರು ಹೇಳಿದರು?"

"ಯಾರ ಯಾಕ ಹೇಳಬೇಕ್ರಿ? ಸಾಹೇಬ್ರು ಕಣ್ಣ ಮಾಡಿದ್ರ ಕೆಳಗ ಹಾಕ್ತಿದ್ದಾಂವ ನಾನ."

ಶಿವಾನಿ ತಂದೆಯನ್ನು ನೋಡಿದಳು. ನಾಲ್ಕು ವರ್ಷದಿಂದ ಆತನ ಕೈಕಟ್ಟುವಿಕೆಯನ್ನು ವಿನಯದ ಚಟವೆಂದು ತಿಳಿದಿದ್ದೆ. ಆತ ತನ್ನ ಹಳೆಯ ಕೆಲಸವನ್ನೇ ಎಲ್ಲ ಮೇಜುಗಳ ಹಿಂದೆಯೂ ಕಾಣುತ್ತಿದ್ದ.

"ಒಬ್ಬರದೂ ಮ್ಯಾಲ ಬರಲಿಲ್ಲೇನು ಪಪ್ಪಾ? ನಾಟ್ ಈವನ್ ಒನ್?"

"ಬಂತು ಒಂದು." ಆತ ನಕ್ಕ. "ದ್ಯಾಮಣ್ಣ ಅಂತ ಒಬ್ಬ ಮುದುಕ. ಮೊಮ್ಮಗಳ ಹುಟ್ಟಿದ ತಾರೀಖು ಸಾಲಿ ರಿಜಿಸ್ಟರಿನ್ಯಾಗ ತಪ್ಪಿತ್ತು. ಪರೀಕ್ಷಾಕ್ಕ ಕೂಡ್ಸೂದಿಲ್ಲ ಅಂದಿದ್ರು. ಅರ್ಜಿ ಕೊಟ್ಟ, ಹೆಗಲ ಮ್ಯಾಲಿನ ಟಾವೆಲ್ ತಗದು ಬೆಂಚಿನ ಮ್ಯಾಲ ಹಾಸಿದ, ಕುಂತ. ಒಂದ ಮಾತಿಲ್ಲ. ಜಗಳಿಲ್ಲ. ಮೂರು ದಿನ ಬಂದ ಬಂದ ಕುಂತ. ನಾಕನೇ ದಿನ ಸಾಹೇಬ್ರ ಹೊರಗ ಬಂದು, ಲೇ ಚನ್ನವೀರ, ಆ ಮುದುಕನ ಮಾರಿ ನೋಡೂದು ನನ್ನ ಕಡೆ ಆಗವಲ್ದು, ಮಾಡಿ ಕೊಟ್ಟು ಕಳಿಸು ಅಂದ್ರು. ನಾಚಿಕಿ ಇಲ್ಲದ ಮುದುಕ!"

ಈರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಆ ಹುಡುಗಿ ಪರೀಕ್ಷಾ ಬರದ್ಳಿಲ್ಲೋ?"

"ಬರದ್ಳು."

"ಮತ್ತ?"

ತಾಯಿ ಕೇಳಿದರೂ ಆಗುತ್ತದಲ್ಲ, ನೀನೇ ಹೋಗು ಎಂದು ಈರವ್ವನಿಗೆ ಹೇಳಿದೆ. ಅವಳು ಒಲ್ಲೆನೆಂದು ತಲೆಯಾಡಿಸಿದಳು. "ನನಗ ರಜಾ ಇಲ್ಲ. ಇದ್ರೂ ಹೋಗೂದಿಲ್ರಿ. ಒಂಬತ್ತಕ್ಕ ಸಹಿ ಹಾಕಿ ಕಟ್ಟಿದಾವ್ರು ಇವ್ರು. ಬಿಡಿಸೂದೂ ಇವ್ರ ಬಿಡಿಸ್ಲಿ." ಮಗಳ ಭವಿಷ್ಯವನ್ನು ಪಣಕ್ಕಿಟ್ಟು ಗಂಡನಿಗೆ ಪಾಠ ಕಲಿಸಲು ಹೊರಟಿದ್ದು ನನಗೆ ಒಪ್ಪಿಗೆಯಾಗಲಿಲ್ಲ, ಅದನ್ನು ಹೇಳಿದೆ. ಅವಳು ಕೇಳಿಸಿಕೊಂಡಳು, ಬದಲಾಗಲಿಲ್ಲ.

ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದುಕೊಟ್ಟೆ. ಅರ್ಧ ಪುಟ. ಶಿವಾನಿಯ ಅಂಕಗಳು, ಅವಳು ದೇಶಕ್ಕೆ ಬಂದ ವರ್ಷ, ಬೇಕಾದ ವಿಷಯಗಳು, ಬೇಸಿಗೆಯಲ್ಲಿ ಹಿಂದಿನ ಪಾಠಗಳನ್ನು ಓದಿಕೊಳ್ಳುತ್ತಾಳೆಂಬ ಮಾತು. ಕೆಳಗೆ ತಂದೆಯ ಸಹಿಗೆ ಜಾಗ. ಚನ್ನವೀರಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಳಿಸಿದ. ಸಹಿ ಮಾಡಲಿಲ್ಲ.

ಗುರುವಾರ ಸಂಜೆ ಕಾರ್ಖಾನೆಯಿಂದ ಫೋನು ಮಾಡಿದ. ಹಿಂದೆ ಯಂತ್ರಗಳ ಸದ್ದು.

"ನಾಳೆ ನೀವೂ ಬರ್ರಿ ಮೇಡಮ್ಮಾರ. ನೀವು ಇಂಗ್ಲಿಷಿನ್ಯಾಗ ಮಾತಾಡ್ರಿ. ನಾ ಬಾಜೂಕ ನಿಂದರ್ತೀನಿ."

ಶುಕ್ರವಾರ ಮಧ್ಯಾಹ್ನ ಒಂದಕ್ಕೆ ತನ್ನ ಹಳೆಯ ಕಾರಿನಲ್ಲಿ ಕರೆದೊಯ್ದ. ಹಿಂದಿನ ಸೀಟಿನಲ್ಲಿ ಆತನ ಊಟದ ಡಬ್ಬಿ ಮತ್ತು ಕಾರ್ಖಾನೆಯ ಬೂಟುಗಳಿದ್ದವು. ದಾರಿಯುದ್ದಕ್ಕೂ ಎರಡೇ ಮಾತು ಆಡಿದ, ಎರಡೂ ಹಿಮದ ಬಗ್ಗೆ.

ಗೈಡೆನ್ಸ್ ಕೋಣೆಯಲ್ಲಿ ಶಿವಾನಿ ನಮಗಾಗಿ ಕಾಯುತ್ತಿದ್ದಳು. ಕೌನ್ಸೆಲರ್ ಐವತ್ತರ ಆಸುಪಾಸಿನ ಮನುಷ್ಯ, ಮೃದು ಮಾತು, ಕೆಟ್ಟವನಲ್ಲ. ಕುರ್ಚಿ ತೋರಿಸಿದ. ನಾನು ಕುಳಿತೆ, ಶಿವಾನಿ ಕುಳಿತಳು, ಚನ್ನವೀರಪ್ಪ ನಿಂತ. ನಾನು ಕೈಪಿಡಿಯ ಪುಟ ತೆರೆದು ಮಾತು ಶುರುಮಾಡಿದೆ. ಕೌನ್ಸೆಲರ್ ಕೊನೆಯವರೆಗೂ ಕೇಳಿ, ನಾನು ಹುಡುಗಿಗೆ ಏನಾಗಬೇಕು ಎಂದು ವಿಚಾರಿಸಿದ. ಏನೂ ಆಗಬೇಕಿಲ್ಲ ಎಂದೆ. ಹಾಗಾದರೆ ಕ್ಷಮಿಸಿ, ಈ ವಿಷಯವನ್ನು ತಂದೆಯ ಜೊತೆ ಮಾತ್ರ ಮಾತಾಡಬಹುದು ಎಂದ. ನಿಯಮ ಆತನ ಕಡೆಗಿತ್ತು. ಕೈಪಿಡಿಯನ್ನು ಮುಚ್ಚಿದೆ.

ಆಮೇಲೆ ಆತ ಚನ್ನವೀರಪ್ಪನಿಗೆ ನಿಧಾನವಾಗಿ ತಿಳಿಸಿ ಹೇಳಿದ. ಹುಡುಗಿ ಇಲ್ಲಿ ಚೆನ್ನಾಗಿ ಮಾಡುತ್ತಿದ್ದಾಳೆ, ಸುಮ್ಮನೆ ಕಷ್ಟದ ಕ್ಲಾಸಿಗೆ ತಳ್ಳಿ ನಪಾಸು ಮಾಡಿಸುವುದು ಬೇಡ, ಈಗ ಸಹಿ ಮಾಡಿ, ಬೇಕಾದರೆ ಮುಂದಿನ ವರ್ಷ ನೋಡೋಣ. ಶಿವಾನಿ ತಂದಿದ್ದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ ಪೆನ್ನು ಮುಂದೆ ಚಾಚಿದ.

"ಯೆಸ್ ಸರ್," ಎಂದ ಚನ್ನವೀರಪ್ಪ.

ಪೆನ್ನು ತೆಗೆದುಕೊಂಡ. ನಿಂತಲ್ಲಿಂದಲೇ ಬಗ್ಗಿ, ಎಡಗೈಯಲ್ಲಿ ಹಾಳೆಯನ್ನು ಒತ್ತಿ ಹಿಡಿದ. ಇದು ನನ್ನ ನಿರೀಕ್ಷೆಯಂತೆಯೇ ಇತ್ತು.

ಪೆನ್ನು ಕೆಳಗೆ ಇಳಿಯಲಿಲ್ಲ. ಆತ ಹಾಳೆಯನ್ನು ಓದುತ್ತಿದ್ದ. ಮೇಲಿನ ಹೆಸರಿನಿಂದ ಹಿಡಿದು ಒಂದೊಂದು ಮನೆಗೂ ಪೆನ್ನಿನ ತುದಿ ತಾಗಿಸುತ್ತ, ಕಚೇರಿಯಲ್ಲಿ ಕಾಗದ ನೋಡುವವರು ಓದುವ ಹಾಗೆ ಓದಿದ. ಕೊನೆಗೆ ಕೇಳಿದ: "ಸರ್, ದಿಸ್ ಪೇಪರ್... ನೋ ಸಿಗ್ನೇಚರ್, ವಾಟ್ ಯೂ ಡೂ?"

ಕೌನ್ಸೆಲರಿಗೆ ಪ್ರಶ್ನೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಸಹಿ ಇಲ್ಲದೆ ಮುಂದಕ್ಕೆ ಕಳಿಸಲು ಬರುವುದಿಲ್ಲ, ಮನೆಗೆ ಫೋನು ಮಾಡಬೇಕಾಗುತ್ತದೆ, ಎಲ್ಲರಿಗೂ ತೊಂದರೆ ಎಂದ.

"ಓಕೆ ಸರ್. ಥ್ಯಾಂಕ್ಯೂ ಸರ್."

ಹಾಳೆಯನ್ನು ಮೇಜಿನಿಂದ ಎತ್ತಿಕೊಂಡು ಜೇಬಿಗಿಟ್ಟ. ಅದೇ ಜೇಬಿನಿಂದ ನನ್ನ ಪತ್ರವನ್ನು ತೆಗೆದ. ಮಡಿಕೆ ಬಿಡಿಸಿ, ಆ ಮನುಷ್ಯನ ಪೆನ್ನಿನಲ್ಲೇ, ಆತನ ಮೇಜಿನ ಮೇಲೇ ಇಟ್ಟು ಸಹಿ ಮಾಡಿದ. ದುಂಡಗಿನ, ಓದಲು ಬರುವ ಸಹಿ. ಕೆಳಗೆ ತಾರೀಖು ಹಾಕಿ, ಅದರ ಕೆಳಗೆ ಒಂದು ಗೆರೆ ಎಳೆದ. ಪೆನ್ನನ್ನು ಎರಡೂ ಕೈಯಿಂದ ಹಿಂತಿರುಗಿಸಿದ.

ಪ್ರಿನ್ಸಿಪಾಲರ ಕೋಣೆ ಹಜಾರದ ಕೊನೆಯಲ್ಲಿತ್ತು. ಮುಂದಿನ ಕೌಂಟರಿನ ಕಾರ್ಯದರ್ಶಿ ಪತ್ರವನ್ನು ತೆಗೆದುಕೊಂಡಳು. ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದಾರೆ, ಮೂರೂವರೆಗೆ ಮೊದಲು ಬರುವುದಿಲ್ಲ, ಸೋಮವಾರ ಫೋನು ಮಾಡಿ ಎಂದಳು. ಗೋಡೆಯ ಗಡಿಯಾರದಲ್ಲಿ ಎರಡು ಹತ್ತು. ಆತನ ಶಿಫ್ಟು ಮೂರಕ್ಕೆ. ಅಲ್ಲಿ ಮೊದಲೆರಡು ಸಲ ತಡವಾದರೆ ಒಂದೊಂದು ಎಚ್ಚರಿಕೆಯ ಚೀಟಿ, ಮೂರನೆಯ ಸಲಕ್ಕೆ ಕೆಲಸ ಹೋಗಿ ಮನೆಗೆ. ಒಂದು ಚೀಟಿ ಆತನಿಗೆ ಆಗಲೇ ಸಿಕ್ಕಿತ್ತು.

"ಪಪ್ಪಾ, ನೀ ಹೋಗು," ಎಂದಳು ಶಿವಾನಿ. "ಇಟ್ಸ್ ಓಕೆ. ರಿಯಲಿ."

"ನೀ ಕ್ಲಾಸಿಗೆ ನಡಿ."

ಅವಳು ಹೋದಳು. ಆತ ನನ್ನ ಕಡೆ ತಿರುಗಿದ. "ನಿಮ್ಮ ಮಗನಿಗೆ ಫೋನ್ ಮಾಡ್ತೀರೇನ್ರಿ ಮೇಡಮ್ಮಾರ, ಕರಕೊಂಡು ಹೋಗಾಕ? ನನಗ ತಡ ಆಗ್ತೈತಿ."

"ಸೋಮವಾರ ಬರಬಹುದಲ್ಲ," ಎಂದೆ. ಹಾಗೆಂದವಳು ನಾನೇ.

ಕೌಂಟರಿನ ಎದುರು, ಪ್ರಿನ್ಸಿಪಾಲರ ಬಾಗಿಲಿಗೆ ನೇರವಾಗಿ, ಶಿಕ್ಷೆಗೆ ಬಂದ ಹುಡುಗರನ್ನು ಕೂರಿಸುವ ಕುರ್ಚಿಗಳ ಸಾಲಿತ್ತು. ಚನ್ನವೀರಪ್ಪ ಗಂಟಲಿನಿಂದ ಜಿಪ್ಪನ್ನು ಕೆಳಕ್ಕೆ ಎಳೆದ. ಕೋಟನ್ನು ಕಳಚಿ, ತೋಳುಗಳನ್ನು ಒಳಕ್ಕೆ ಮಡಿಚಿ, ತೊಡೆಯ ಮೇಲೆ ಇಟ್ಟುಕೊಂಡು, ನಡುವಿನ ಕುರ್ಚಿಯಲ್ಲಿ ಬೆನ್ನು ಆನಿಸಿ ಕುಳಿತ.